1:19ರಲ್ಲಿ ಬಿ ಕ್ಲಾಸ್ ಉಗಿ ಎಂಜಿನ್: ಯಾವುದನ್ನು ಸ್ಕೇಲ್‌ಗೆ ಮಾಡಬೇಕು, ಯಾವುದನ್ನು ಬಿಡಬೇಕು?

ಕಿರುಹಳಿ

ಎಲ್ಲರಿಗೂ ನಮಸ್ಕಾರ. ಹಿತ್ತಿಲಲ್ಲಿ 32 ಮಿ.ಮೀ. ಗೇಜ್‌ನ (ಎರಡು ಹಳಿಗಳ ನಡುವಿನ ಅಂತರ) ಹಳಿ ಹಾಕಿ ಮುಗಿಸಿದ್ದೇನೆ. ಈಗ ಅದರ ಮೇಲೆ ಓಡುವ ಎಂಜಿನ್ ಬೇಕು. ಕಿಟ್ ತಂದು ಜೋಡಿಸುವುದು ಬೇಡ. ತಗಡು, ಸರಳು, ತಾಮ್ರದ ಕೊಳವೆಯಿಂದ ಶುರು ಮಾಡಿ ಪೂರ್ತಿ ನಾನೇ ಮಾಡಬೇಕು ಅನ್ನುವುದು ಬಹಳ ದಿನದ ಆಸೆ.

ಮಾದರಿಗೆ ಡಾರ್ಜಿಲಿಂಗ್ ಹಿಮಾಲಯನ್ ರೈಲ್ವೆಯ ಬಿ ಕ್ಲಾಸ್ ಆರಿಸಿಕೊಂಡಿದ್ದೇನೆ. 1889ರಲ್ಲಿ ಮೊದಲು ಬಂದ ಎಂಜಿನ್ ಅದು. ನಾಲ್ಕೇ ಚಕ್ರ, ನಾಲ್ಕೂ ಎಳೆಯುವ ಚಕ್ರಗಳೇ. ಬಾಯ್ಲರ್ ಮೇಲೆ ಜೀನಿನಂತೆ ಕೂತಿರುವ ನೀರಿನ ತೊಟ್ಟಿ, ಅಂದರೆ ಸ್ಯಾಡಲ್ ಟ್ಯಾಂಕ್. 2 ಅಡಿ ಗೇಜ್ 1:19 ಸ್ಕೇಲ್‌ನಲ್ಲಿ ಸರಿಯಾಗಿ 32 ಮಿ.ಮೀ. ಆಗುವುದರಿಂದ ಹಳಿಯ ವಿಷಯದಲ್ಲಿ ರಾಜಿ ಮಾಡಿಕೊಳ್ಳಬೇಕಾಗಿಲ್ಲ.

ಅಸಲಿ ಅಳತೆಗಳನ್ನೆಲ್ಲ 19ರಿಂದ ಭಾಗಿಸಿ ನಕ್ಷೆ ಮಾಡುತ್ತಿದ್ದೇನೆ. 26 ಇಂಚಿನ ಚಕ್ರ 34.8 ಮಿ.ಮೀ. ಆಗುತ್ತದೆ. 11 ಇಂಚು ಬೋರ್ (ಒಳವ್ಯಾಸ), 14 ಇಂಚು ಸ್ಟ್ರೋಕ್‌ನ (ಪಿಸ್ಟನ್ ಸರಿಯುವ ದೂರ) ಸಿಲಿಂಡರ್ 14.7 ಮತ್ತು 18.7 ಮಿ.ಮೀ. ಆಗುತ್ತದೆ. ಇವೆರಡೂ ಮಾಡಬಹುದಾದ ಅಳತೆಗಳೇ. ಆದರೆ ಚಕ್ರದ ಫ್ಲ್ಯಾಂಜ್ (ಹಳಿಯಿಂದ ಜಾರದಂತೆ ತಡೆಯುವ ಅಂಚು), ಉಗಿ ಹೋಗುವ ದಾರಿಗಳು, ಪೈಪು, ರಿವೆಟ್ ಇವುಗಳ ಲೆಕ್ಕ ನೋಡಿದರೆ ಭಯವಾಗುತ್ತದೆ. ಎಲ್ಲವನ್ನೂ ಸ್ಕೇಲ್‌ಗೆ ಸರಿಯಾಗಿ ಮಾಡಬೇಕು ಅನ್ನುವ ಹಠ ನನ್ನದು. ಅದು ಎಲ್ಲಿಯವರೆಗೆ ನಡೆಯುತ್ತದೆ? ಮಾಡಿ ಓಡಿಸಿದವರು ದಯವಿಟ್ಟು ಹೇಳಿ.

ಲೇತ್‌ಪ್ರಿಯ

ಒಳ್ಳೆಯ ಆಯ್ಕೆ ಸರ್. ಮೊದಲ ಎಂಜಿನ್‌ಗೆ ನಾಲ್ಕು ಚಕ್ರದ್ದೇ ಸರಿ. ನಡುವಿನ ಅಚ್ಚು ಇಲ್ಲದಿದ್ದರೆ ತಿರುವಿನ ಅರ್ಧ ತಲೆನೋವು ಇಲ್ಲ.

ಸ್ಕೇಲ್ ಬಗ್ಗೆ ನನ್ನ ಉತ್ತರ ನೇರವಾಗಿದೆ. ಕಣ್ಣಿಗೆ ಕಾಣುವ ಆಕಾರವನ್ನು 19ರಿಂದ ಭಾಗಿಸಿ. ಕೆಲಸ ಮಾಡುವ ಭಾಗಗಳನ್ನು ಭಾಗಿಸಬೇಡಿ. ಏಕೆ ಅಂತ ನೋಡಿ. ಉದ್ದ 19 ಪಟ್ಟು ಕಡಿಮೆಯಾದರೆ ಮೇಲ್ಮೈ 361 ಪಟ್ಟು ಕಡಿಮೆಯಾಗುತ್ತದೆ, ಗಾತ್ರ 6,859 ಪಟ್ಟು ಕಡಿಮೆಯಾಗುತ್ತದೆ. ಅಂದರೆ ಒಳಗಿರುವ ಪ್ರತಿ ತೊಟ್ಟು ಉಗಿಗೂ ಅದನ್ನು ತಣ್ಣಗೆ ಮಾಡುವ ಲೋಹದ ಗೋಡೆ ಅಸಲಿ ಎಂಜಿನ್‌ಗಿಂತ 19 ಪಟ್ಟು ಜಾಸ್ತಿ. ಸಿಲಿಂಡರ್‌ಗೆ ಬರುವ ಉಗಿಯಲ್ಲಿ ಒಂದಷ್ಟು ಅಲ್ಲೇ ನೀರಾಗುತ್ತದೆ. ಅದಕ್ಕೇ ಸಣ್ಣ ಎಂಜಿನ್ ಶುರುವಿನಲ್ಲಿ ಚಿಮಣಿಯಿಂದ ನೀರು ಉಗುಳುವುದು.

ತೂಕದ ಲೆಕ್ಕವೂ ಹಾಗೇ. ಅಸಲಿ ಎಂಜಿನ್ 14 ಟನ್ ಅಂತ ಇಟ್ಟುಕೊಂಡರೆ ಸ್ಕೇಲ್ ತೂಕ 2 ಕೆ.ಜಿ. ಬರುತ್ತದೆ. ನೀವು ಅಷ್ಟು ಹಗುರವಾಗಿ ಮಾಡಿದರೆ ಅದು ನಿಂತಲ್ಲೇ ಚಕ್ರ ತಿರುಗಿಸುತ್ತದೆ. 14 ಮಿ.ಮೀ. ಬೋರ್, 16 ಮಿ.ಮೀ. ಸ್ಟ್ರೋಕ್, 33 ಮಿ.ಮೀ. ಚಕ್ರ, 3 ಬಾರ್ ಒತ್ತಡ ಇಟ್ಟು ಎಂದಿನ ಸೂತ್ರದಲ್ಲಿ ಎಳೆತದ ಬಲ ಲೆಕ್ಕ ಹಾಕಿದರೆ ಸುಮಾರು 24 ನ್ಯೂಟನ್ ಬರುತ್ತದೆ. ಆದರೆ 3.5 ಕೆ.ಜಿ. ತೂಕದ ಎಂಜಿನ್ ಹಳಿಯ ಮೇಲೆ ಹಿಡಿದು ಎಳೆಯಬಲ್ಲದ್ದು 7ರಿಂದ 8 ನ್ಯೂಟನ್ ಮಾತ್ರ. ಸಿಲಿಂಡರ್‌ನಲ್ಲಿ ಶಕ್ತಿ ಬೇಕಾದಷ್ಟಿದೆ, ಕಡಿಮೆ ಇರುವುದು ಹಿಡಿತ. ಆದ್ದರಿಂದ ಬೋರ್ ದೊಡ್ಡದು ಮಾಡುವ ಆಸೆ ಬೇಡ. ದೊಡ್ಡ ಬೋರ್ ಉಗಿ ತಿನ್ನುತ್ತದೆ, ಅಷ್ಟೇ. ಸ್ಯಾಡಲ್ ಟ್ಯಾಂಕ್ ಒಳಗೆ ಜಾಗವಿದೆ, ಅಲ್ಲಿ ಸೀಸ ತುಂಬಿ. ಎರಡು ಅಚ್ಚುಗಳ ಮೇಲೂ ಭಾರ ಸಮನಾಗಿ ಬೀಳಲಿ.

ಫ್ಲ್ಯಾಂಜ್ ವಿಷಯ: ದೊಡ್ಡ ರೈಲುಗಳ ಫ್ಲ್ಯಾಂಜ್ ಸುಮಾರು 28 ಮಿ.ಮೀ. ಎತ್ತರ. ಅದು 19ರಿಂದ ಭಾಗವಾದರೆ 1.5 ಮಿ.ಮೀ. ಹಿತ್ತಿಲ ಹಳಿಯ ಮೇಲೆ ಒಂದು ಒಣ ಎಲೆ, ಒಂದು ಕಲ್ಲಿನ ಚೂರು ಇದ್ದರೆ ಸಾಕು, ಗಾಡಿ ಕೆಳಗೆ. 2.5 ಮಿ.ಮೀ. ಕಡೆಗೆ ಹೋಗಿ. ಚಕ್ರಗಳ ಒಳಮುಖಗಳ ನಡುವೆ 28 ಮಿ.ಮೀ. ಇಡಿ, 32 ಮಿ.ಮೀ. ಹಳಿಯಲ್ಲಿ ಎಲ್ಲರೂ ಬಳಸುವ ಅಳತೆ ಅದೇ. ಇಲ್ಲದಿದ್ದರೆ ಪಾಯಿಂಟ್‌ಗಳ (ಹಳಿ ಕವಲೊಡೆಯುವ ಜಾಗ) ಮೇಲೆ ಹತ್ತಿಕೊಳ್ಳುತ್ತದೆ.

ರಿವೆಟ್

ಲೇತ್‌ಪ್ರಿಯ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಒಂದು ಜಾಗದಲ್ಲಿ ಬಿಟ್ಟುಕೊಡಬೇಡಿ ಅಂತ ಕೇಳಿಕೊಳ್ಳುತ್ತೇನೆ. ಚಕ್ರದ ಹೊರಗೆ ಓಡಾಡುವ ವಾಲ್ಶಾರ್ಟ್ಸ್ ವಾಲ್ವ್ ಗೇರ್, ಅಂದರೆ ಸಿಲಿಂಡರ್‌ಗೆ ಉಗಿ ಬಿಡುವ ವಾಲ್ವ್‌ಅನ್ನು ಆಡಿಸುವ ಜೋಡಣೆ, ಬಿ ಕ್ಲಾಸ್‌ನ ಜೀವ. ಅದರ ಬದಲು ಅಚ್ಚಿನ ಮೇಲೇ ಕೂರುವ ಸ್ಲಿಪ್ ಎಕ್ಸೆಂಟ್ರಿಕ್ ಹಾಕಿದರೆ ಕೆಲಸ ಸುಲಭ, ನಿಜ. ಭಾಗಗಳು ಕಡಿಮೆ, ಕೈಯಲ್ಲಿ ಸ್ವಲ್ಪ ತಳ್ಳಿದರೆ ದಿಕ್ಕು ಬದಲಾಗುತ್ತದೆ. ಆದರೆ ನೋಡುವವರಿಗೆ ಕಾಣುವುದು ಖಾಲಿ ಚಕ್ರ. ಬೆಲ್ಜಿಯಂನ ಎಜಿಡ್ ವಾಲ್ಶಾರ್ಟ್ಸ್ 1844ರಲ್ಲಿ ಕೊಟ್ಟ ಆ ಜೋಡಣೆ ನಿಧಾನವಾಗಿ ಓಡುವ ಎಂಜಿನ್‌ನಲ್ಲಿ ನೋಡುವುದೇ ಒಂದು ಸುಖ. ರೇಡಿಯೋ ಕಂಟ್ರೋಲ್ ಹಾಕುವ ಯೋಚನೆ ಇದ್ದರಂತೂ ಅದೇ ಬೇಕು. ಒಂದು ಸರ್ವೋ (ರೇಡಿಯೋ ಹೇಳಿದಂತೆ ತಿರುಗುವ ಸಣ್ಣ ಮೋಟಾರ್) ಸಿಲಿಂಡರ್‌ಗೆ ಉಗಿ ಬಿಡುವ ರೆಗ್ಯುಲೇಟರ್‌ಗೆ, ಇನ್ನೊಂದು ರಿವರ್ಸ್‌ಗೆ. ದೂರದಿಂದಲೇ ನಿಲ್ಲಿಸಿ, ಹಿಂದಕ್ಕೆ ತಂದು, ಬೋಗಿ ಜೋಡಿಸಬಹುದು.

ರಾಡ್‌ಗಳ ದಪ್ಪ ಸ್ವಲ್ಪ ಜಾಸ್ತಿ ಮಾಡಿ, ಪಿನ್‌ಗಳನ್ನು 2 ಮಿ.ಮೀ. ಕೆಳಗೆ ಇಳಿಸಬೇಡಿ. ಅಷ್ಟು ರಾಜಿ ಸಾಕು.

ಲೇತ್‌ಪ್ರಿಯ

ರಿವೆಟ್ ಸರ್, ನನ್ನ ಭಯ ನೋಟದ ಬಗ್ಗೆ ಅಲ್ಲ. ಮೊದಲ ಎಂಜಿನ್ ಮಾಡುವವರು ವಾಲ್ವ್ ಗೇರ್‌ನಲ್ಲೇ ಸುಸ್ತಾಗಿ ಅರ್ಧಕ್ಕೆ ಬಿಡುತ್ತಾರೆ. ಆದರೂ ಕಿರುಹಳಿಯವರಿಗೆ ಅದೇ ಬೇಕು ಅಂದರೆ ದಾರಿ ಇದೆ. ಮೊದಲು ದಪ್ಪ ಕಾರ್ಡ್‌ಬೋರ್ಡ್‌ನಲ್ಲಿ ಎರಡು ಪಟ್ಟು ದೊಡ್ಡದಾಗಿ ಇಡೀ ಗೇರ್ ಕತ್ತರಿಸಿ, ಗುಂಡುಪಿನ್ನು ಚುಚ್ಚಿ ತಿರುಗಿಸಿ ನೋಡಿ. ಯಾವ ಲಿಂಕ್ ಎಲ್ಲಿ ತಾಗುತ್ತದೆ, ವಾಲ್ವ್ ಎಷ್ಟು ಸರಿಯುತ್ತದೆ ಅನ್ನುವುದು ಒಂದು ಸಂಜೆಯಲ್ಲಿ ಗೊತ್ತಾಗುತ್ತದೆ. ಕಂಪ್ಯೂಟರ್ ನಕ್ಷೆಯಲ್ಲೂ ಮಾಡಬಹುದು, ಆದರೆ ಕೈಯಲ್ಲಿ ತಿರುಗಿಸಿದಾಗ ಬರುವ ತಿಳಿವಳಿಕೆ ಬೇರೆ.

ಶುರು ಮಾಡುವುದು ಚಾಸಿಯಿಂದಲೇ (ಚಕ್ರ, ಅಚ್ಚು ಕೂರುವ ಚೌಕಟ್ಟು). ಬಾಯ್ಲರ್ ಕಡೆ ಈಗಲೇ ಹೋಗಬೇಡಿ. ಎರಡು ಫ್ರೇಮ್ ತಗಡುಗಳನ್ನು, 3 ಮಿ.ಮೀ. ಮೈಲ್ಡ್ ಸ್ಟೀಲ್ ಇದ್ದರೆ ಸಾಕು, ಒಂದರ ಮೇಲೊಂದು ಬಿಗಿದು ಎಲ್ಲ ತೂತುಗಳನ್ನೂ ಒಟ್ಟಿಗೇ ಕೊರೆಯಿರಿ. ಅಚ್ಚಿನ ತೂತು ಎರಡು ತಗಡಿನಲ್ಲಿ ಕೂದಲೆಳೆಯಷ್ಟು ಬೇರೆಯಾದರೂ ಅಚ್ಚು ಓರೆಯಾಗುತ್ತದೆ, ಆಮೇಲೆ ಯಾವ ಅರ ಹಾಕಿದರೂ ಅದು ಸರಿಯಾಗುವುದಿಲ್ಲ. ಹಿಂದಿನ ಮುಂದಿನ ಚಕ್ರಗಳನ್ನು ಜೋಡಿಸುವ ಕಪ್ಲಿಂಗ್ ರಾಡ್‌ನ ತೂತುಗಳ ನಡುವಿನ ಅಂತರವನ್ನು ಇದೇ ಫ್ರೇಮ್‌ನಿಂದ ನಕಲು ಮಾಡಿ, ನಕ್ಷೆಯಿಂದ ಬೇಡ. ರಾಡ್ ಮತ್ತು ಫ್ರೇಮ್ ಒಂದಕ್ಕೊಂದು ಹೊಂದಿದರೆ ಸಾಕು. ನಕ್ಷೆಗೆ ಎರಡೂ ಸ್ವಲ್ಪ ತಪ್ಪಿದರೆ ಏನೂ ಆಗುವುದಿಲ್ಲ.

ಕ್ವಾರ್ಟರಿಂಗ್‌ನಲ್ಲೂ ಇದೇ ಮಾತು. ಎಡ ಮತ್ತು ಬಲ ಕ್ರ್ಯಾಂಕ್ ನಡುವೆ 90 ಡಿಗ್ರಿ ಇರಬೇಕು ಅಂತ ಎಲ್ಲರೂ ಹೇಳುತ್ತಾರೆ. 89 ಆದರೂ ಎಂಜಿನ್ ಓಡುತ್ತದೆ. ಆದರೆ ಎರಡೂ ಅಚ್ಚುಗಳಲ್ಲಿ ಅದೇ 89 ಇರಬೇಕು. ಒಂದರಲ್ಲಿ 89, ಇನ್ನೊಂದರಲ್ಲಿ 90 ಇದ್ದರೆ ಪ್ರತಿ ಸುತ್ತಿನಲ್ಲೂ ಬಿಗಿಯುತ್ತದೆ. ಒಂದು ಸಣ್ಣ ಜಿಗ್ ಮಾಡಿಕೊಂಡು ಎರಡು ಅಚ್ಚುಗಳನ್ನೂ ಅದರಲ್ಲೇ ಕೂರಿಸಿ.

ಇನ್ನೊಂದು, ನಾಲ್ಕು ಚಕ್ರದ ಗಟ್ಟಿ ಚಾಸಿ ಏರುಪೇರಾದ ಹಳಿಯ ಮೇಲೆ ಮೂರೇ ಚಕ್ರದಲ್ಲಿ ನಿಲ್ಲುತ್ತದೆ. ಆದ್ದರಿಂದ ಮುಂದಿನ ಅಚ್ಚು ನಡುವಿನಲ್ಲಿ ಒಂದು ಬಿಂದುವಿನ ಮೇಲೆ ಒಂದಿಷ್ಟು ತೂಗುವ ಹಾಗೆ ಬಿಡಿ. ಅಸಲಿ ಎಂಜಿನ್‌ನಲ್ಲಿ ಸ್ಪ್ರಿಂಗ್ ಮಾಡುವ ಕೆಲಸವನ್ನು ಇಲ್ಲಿ ಇದು ಮಾಡುತ್ತದೆ.

ಚಾಸಿ, ಸಿಲಿಂಡರ್, ವಾಲ್ವ್ ಗೇರ್ ಮುಗಿದ ಮೇಲೆ ಚಕ್ರ ಗಾಳಿಯಲ್ಲಿರುವ ಹಾಗೆ ಎತ್ತಿ ಇಟ್ಟು ಕಂಪ್ರೆಸರ್ ಗಾಳಿಯಲ್ಲಿ ಓಡಿಸಿ. 1 ಬಾರ್‌ಗಿಂತ ಕಡಿಮೆ ಒತ್ತಡದಲ್ಲಿ, ಎರಡೂ ದಿಕ್ಕಿಗೆ, ಸಮನಾದ ಸದ್ದಿನಲ್ಲಿ ತಿರುಗಬೇಕು. ಚಕ್ರದ ಒಂದು ಸುತ್ತಿಗೆ ನಾಲ್ಕು ಪಫ್. ಒಂದು ಜೋರು, ಒಂದು ಮೆಲ್ಲಗೆ ಕೇಳಿದರೆ ವಾಲ್ವ್ ನಡುವಿನಲ್ಲಿ ಕೂತಿಲ್ಲ ಅಂತ ಅರ್ಥ. ವಾಲ್ವ್ ಇರುವ ಸ್ಟೀಮ್ ಚೆಸ್ಟ್ ಮುಚ್ಚಳ ತೆಗೆದು, ಪಿಸ್ಟನ್ ಎರಡೂ ತುದಿಯಲ್ಲಿದ್ದಾಗ ಪೋರ್ಟ್ (ಉಗಿ ಹೋಗುವ ದಾರಿ) ಒಂದೇ ಸಮ ತೆರೆಯುವ ಹಾಗೆ ಹೊಂದಿಸಿ.

ಹೊಸಗಾಲಿ

ನಾನು ಇನ್ನೂ ಓದುತ್ತಿರುವವನು. ಪಿಸ್ಟನ್‌ಗೆ ಓ-ರಿಂಗ್ ಹಾಕಬೇಕಾ, ಗ್ರಾಫೈಟ್ ದಾರ ಸುತ್ತಬೇಕಾ? ಮತ್ತೆ ಬಾಯ್ಲರ್‌ಗೆ ಮಾಮೂಲಿ ತವರದ ಬೆಸುಗೆ ಸಾಕಾಗುವುದಿಲ್ವಾ? ಒತ್ತಡ ಬರೀ 3 ಬಾರ್ ತಾನೇ?

ಲೇತ್‌ಪ್ರಿಯ

ಎರಡೂ ನಡೆಯುತ್ತದೆ. ವಿಟಾನ್ ಅಥವಾ ಸಿಲಿಕೋನ್ ಓ-ರಿಂಗ್ ಇರಲಿ, ಮಾಮೂಲಿ ನೈಟ್ರೈಲ್ ರಬ್ಬರ್ ಉಗಿಯ ಬಿಸಿಗೆ ಬೇಗ ಗಟ್ಟಿಯಾಗುತ್ತದೆ. ಓ-ರಿಂಗ್‌ಅನ್ನು ತೀರಾ ಒತ್ತಿ ಕೂರಿಸಿದರೆ ಎಂಜಿನ್ ಬಿಗಿ. ಬೆಸುಗೆಯ ಪ್ರಶ್ನೆ ಮುಖ್ಯವಾದದ್ದು, ಅದನ್ನು ತಾಮ್ರದಕೆಲಸ ಅವರು ಹೇಳಲಿ.

ತಾಮ್ರದಕೆಲಸ

ತವರದ ಬೆಸುಗೆ ಬೇಡವೇ ಬೇಡ. ಕಾರಣ ಹೇಳುತ್ತೇನೆ, ಯಾಕೆಂದರೆ ಈ ಒಂದು ವಿಷಯದಲ್ಲಿ "ನಡೆಯುತ್ತೆ ಬಿಡು" ಅನ್ನುವ ಮಾತಿಗೆ ಜಾಗವಿಲ್ಲ.

3 ಬಾರ್ ಒತ್ತಡದಲ್ಲಿ ನೀರು ಕುದಿಯುವುದು ಸುಮಾರು 144 ಡಿಗ್ರಿ ಸೆಲ್ಸಿಯಸ್‌ನಲ್ಲಿ. 4 ಬಾರ್‌ನಲ್ಲಿ 152. ಎಲೆಕ್ಟ್ರಾನಿಕ್ಸ್‌ಗೆ ಬಳಸುವ ತವರ-ಸೀಸದ ಬೆಸುಗೆ 183ರಲ್ಲೇ ಕರಗಲು ಶುರುವಾಗುತ್ತದೆ. ಅದಕ್ಕೂ ಮೊದಲೇ ಅದರ ಬಲ ಹೋಗಿರುತ್ತದೆ. ಬೆಂಕಿಯ ಹತ್ತಿರ ನೀರು ಸ್ವಲ್ಪ ಕೆಳಗಿಳಿದರೆ ಲೋಹ ಇನ್ನೂ ಬಿಸಿಯಾಗುತ್ತದೆ. ಬಾಯ್ಲರ್‌ಗೆ ಬೆಳ್ಳಿ ಬೆಸುಗೆಯೇ ಬೇಕು. 55 ಭಾಗ ಬೆಳ್ಳಿ ಇರುವ ಮಿಶ್ರಲೋಹ 630ರಿಂದ 660 ಡಿಗ್ರಿಯಲ್ಲಿ ಹರಿಯುತ್ತದೆ. ಹಳೆಯ ದಾಸ್ತಾನಿನ ಸರಳು ಸಿಕ್ಕಿದರೆ ಅದರಲ್ಲಿ ಕ್ಯಾಡ್ಮಿಯಂ ಇದೆಯೇ ಅಂತ ನೋಡಿ. ಅದರ ಹೊಗೆ ವಿಷ. ಕ್ಯಾಡ್ಮಿಯಂ ಇಲ್ಲದ್ದನ್ನೇ ಕೊಳ್ಳಿ.

ಈಗ ದಪ್ಪದ ಲೆಕ್ಕ. 50 ಮಿ.ಮೀ. ವ್ಯಾಸದ ತಾಮ್ರದ ಕೊಳವೆ, ಒತ್ತಡ 4 ಬಾರ್ ಅನ್ನಿ. ತಾಮ್ರಕ್ಕೆ ಸುರಕ್ಷತೆಯ ಅಂಚು ಬಿಟ್ಟು ಚದರ ಮಿ.ಮೀ.ಗೆ ಸುಮಾರು 21 ನ್ಯೂಟನ್ ತಡೆಯುವ ಬಲ ಹಿಡಿಯುವುದು ರೂಢಿ. ಒತ್ತಡವನ್ನು ವ್ಯಾಸದಿಂದ ಗುಣಿಸಿ, ಆ ಬಲದ ಎರಡರಷ್ಟರಿಂದ ಭಾಗಿಸಿದರೆ ಬೇಕಾದ ದಪ್ಪ ಅರ್ಧ ಮಿ.ಮೀ. ಕೂಡ ಬರುವುದಿಲ್ಲ. ನಾವು 1.5 ಮಿ.ಮೀ. ದಪ್ಪದ್ದು ಹಾಕುತ್ತೇವೆ. ಅಂದರೆ ದುಂಡನೆಯ ಕೊಳವೆ ಎಂದೂ ಸಮಸ್ಯೆಯಲ್ಲ. ಸಮಸ್ಯೆ ಎರಡು ತುದಿಯ ಚಪ್ಪಟೆ ತಗಡು. ಒತ್ತಡ ಅದನ್ನು ಹೊರಗೆ ಉಬ್ಬಿಸುತ್ತದೆ. ಅದಕ್ಕೆ 2.5 ಅಥವಾ 3 ಮಿ.ಮೀ. ತಗಡು ಬೇಕು. ಅಂಚನ್ನು ತಟ್ಟೆಯಂತೆ ಮಡಚಿರಬೇಕು. ನಡುವೆ ಒಂದು ತುದಿಯಿಂದ ಇನ್ನೊಂದಕ್ಕೆ ಸ್ಟೇ (ತಗಡುಗಳನ್ನು ಹಿಡಿದಿಡುವ ಸರಳು) ಹಾಯಿಸಿರಬೇಕು. ನಡುವಿನ ಬೆಂಕಿಯ ಕೊಳವೆಯೂ ಸ್ವಲ್ಪ ಹಿಡಿಯುತ್ತದೆ, ಆದರೆ ಅದನ್ನೇ ನಂಬಬೇಡಿ.

ಅಂಚು ಮಡಚುವಾಗ ತಾಮ್ರವನ್ನು ಕೆಂಪಗೆ ಕಾಯಿಸಿ ಮೆದು ಮಾಡಿ, ಗಟ್ಟಿ ಮರದ ಅಚ್ಚಿನ ಮೇಲೆ ತಟ್ಟಿ. ಬಡಿಯುತ್ತಾ ಹೋದಂತೆ ಅದು ಗಟ್ಟಿಯಾಗುತ್ತದೆ. ಸುತ್ತಿಗೆಯ ಸದ್ದು ಬದಲಾಗುತ್ತದೆ, ಅದು ಮತ್ತೆ ಕಾಯಿಸಬೇಕು ಅನ್ನುವ ಸೂಚನೆ. ಆತುರಪಟ್ಟು ಬಡಿದರೆ ಅಂಚಿನಲ್ಲಿ ಬಿರುಕು ಬರುತ್ತದೆ.

ಬೆಸುಗೆಯ ಜಾಗದಲ್ಲಿ ಸಂದು 0.05ರಿಂದ 0.15 ಮಿ.ಮೀ. ಇರಲಿ. ಬೆಳ್ಳಿ ಬೆಸುಗೆ ಸಂದಿನೊಳಗೆ ತಾನಾಗಿ ಎಳೆದುಕೊಂಡು ಹೋಗುತ್ತದೆ, ದೊಡ್ಡ ಕಂಡಿಯನ್ನು ತುಂಬುವುದಿಲ್ಲ. ಕಾಯಿಸಬೇಕಾದದ್ದು ತಾಮ್ರವನ್ನು, ಸರಳನ್ನಲ್ಲ. ಇಡೀ ಬಾಯ್ಲರ್ ಮಂಕು ಕೆಂಪಿಗೆ ಬಂದಾಗ ಸರಳು ಮುಟ್ಟಿಸಿದರೆ ಹೊಳೆಯುವ ಗೆರೆ ಸುತ್ತಲೂ ಓಡುತ್ತದೆ. ತಾಮ್ರ ಬಿಸಿಯನ್ನು ಬೇಗ ಹರಡುತ್ತದೆ, ಸಣ್ಣ ಟಾರ್ಚ್ ಸಾಲದು. ದೊಡ್ಡ ಪ್ರೊಪೇನ್ ಬರ್ನರ್, ಸುತ್ತ ಬೆಂಕಿ ಇಟ್ಟಿಗೆ, ಜೊತೆಗೆ ಇನ್ನೊಬ್ಬರು ಇದ್ದರೆ ಒಳ್ಳೆಯದು. ತಣ್ಣಗಾದ ಮೇಲೆ ಸಿಟ್ರಿಕ್ ಆಮ್ಲದ ನೀರಲ್ಲಿ ನೆನೆಹಾಕಿ ತೊಳೆಯಿರಿ.

ಸೇಫ್ಟಿ ವಾಲ್ವ್, ಗೇಜ್, ರೆಗ್ಯುಲೇಟರ್ ಕೂರುವ ಬುಷ್‌ಗಳು ಕಂಚು ಅಥವಾ ಗನ್‌ಮೆಟಲ್‌ನದಾಗಿರಲಿ, ಹಿತ್ತಾಳೆ ಬೇಡ. ಹಿತ್ತಾಳೆಯಲ್ಲಿರುವ ಸತು ಬಿಸಿನೀರಲ್ಲಿ ನಿಧಾನವಾಗಿ ಕರಗಿಹೋಗಿ ಲೋಹ ಟೊಳ್ಳಾಗುತ್ತದೆ. ಹೊರಗಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಪರೀಕ್ಷೆ ನೀರಿನಿಂದ ಮಾತ್ರ. ಬಾಯ್ಲರ್ ಪೂರ್ತಿ ನೀರು ತುಂಬಿ, ಗಾಳಿಯ ಗುಳ್ಳೆ ಇಲ್ಲದ ಹಾಗೆ ನೋಡಿಕೊಂಡು, ಕೈ ಪಂಪ್‌ನಿಂದ ಕೆಲಸದ ಒತ್ತಡದ ಎರಡರಷ್ಟು ಏರಿಸಿ. 3 ಬಾರ್ ಬಾಯ್ಲರ್‌ಗೆ 6 ಬಾರ್. ಅರ್ಧ ಗಂಟೆ ಹಿಡಿದಿಡಿ. ಮುಳ್ಳು ಇಳಿಯಬಾರದು, ತಗಡು ಉಬ್ಬಬಾರದು. ಗಾಳಿಯಿಂದ ಈ ಪರೀಕ್ಷೆ ಯಾವತ್ತೂ ಮಾಡಬೇಡಿ. ನೀರು ಒತ್ತಿದರೆ ಕುಗ್ಗುವುದಿಲ್ಲ, ಆದ್ದರಿಂದ ಎಲ್ಲಾದರೂ ಬಿಟ್ಟುಕೊಂಡರೆ ಒಂದು ಚಿಮ್ಮು ನೀರು, ಒತ್ತಡ ಸೊನ್ನೆ. ಗಾಳಿ ಹಾಗಲ್ಲ, ಒಳಗೆ ಕೂಡಿಟ್ಟ ಶಕ್ತಿಯೆಲ್ಲ ಒಮ್ಮೆಲೇ ಹೊರಬಂದು ತಗಡನ್ನು ಎಸೆಯುತ್ತದೆ.

ಕೊನೆಗೆ ಉಗಿಯಲ್ಲಿ ಇನ್ನೊಂದು ಪರೀಕ್ಷೆ. ರೆಗ್ಯುಲೇಟರ್ ಮುಚ್ಚಿ, ಬರ್ನರ್ ಪೂರ್ತಿ ಬಿಟ್ಟು, ಸೇಫ್ಟಿ ವಾಲ್ವ್ ಒಂದೇ ಎಲ್ಲ ಉಗಿಯನ್ನೂ ಹೊರಹಾಕುತ್ತದೆಯೇ ನೋಡಬೇಕು. ಒತ್ತಡ ಕೆಲಸದ ಮಿತಿಗಿಂತ ನೂರಕ್ಕೆ 10 ಭಾಗಕ್ಕಿಂತ ಮೇಲೆ ಹೋಗಬಾರದು. ಹೋದರೆ ವಾಲ್ವ್ ಸಣ್ಣದಾಯಿತು. ಇಲ್ಲೂ ಸ್ಕೇಲ್ ಅಳತೆ ನೋಡಲೇಬೇಡಿ ಸರ್. ನೋಟ ಬೇಕು ಅಂದರೆ ಮೇಲೆ ಒಂದು ಡೋಮ್ ಮುಚ್ಚಿ, ಉಗಿ ಹೋಗಲು ದಾರಿ ಬಿಡಿ.

ರಿವೆಟ್

ಇದನ್ನು ಓದಿದ ಮೇಲೆ ಒಂದು ಮಾತು ಸೇರಿಸುತ್ತೇನೆ. ಬಾಯ್ಲರ್ ಒಂದನ್ನು ಅನುಭವಸ್ಥರಿಂದ, ಪರೀಕ್ಷೆಯ ಪತ್ರದೊಂದಿಗೆ ಮಾಡಿಸಿಕೊಂಡರೂ ಎಂಜಿನ್ ನಿಮ್ಮದೇ. ಅದರಲ್ಲಿ ಕಡಿಮೆ ಏನೂ ಇಲ್ಲ.

ತಾಮ್ರದಕೆಲಸ

ಪೂರ್ತಿ ಒಪ್ಪುತ್ತೇನೆ. ಮಾಡುವುದಾದರೆ ಮೊದಲು ಚೂರು ಕೊಳವೆಗಳಲ್ಲಿ ಬೆಸುಗೆ ಹಾಕಿ, ಗರಗಸದಿಂದ ಸೀಳಿ ಒಳಗೆ ನೋಡಿ. ಬೆಸುಗೆ ಸಂದಿನ ಆಚೆ ಬದಿಗೂ ಹಾಯ್ದಿರಬೇಕು. ಅದು ಪ್ರತಿ ಸಲವೂ ಬರುವವರೆಗೆ ಬಾಯ್ಲರ್ ಮುಟ್ಟಬೇಡಿ.

ಹಿತ್ತಿಲಗಾಡಿ

ನನ್ನದು ಓಡಿಸುವ ಕಡೆಯ ಮಾತು. ಎಂಜಿನ್ ನಕ್ಷೆ ಮಾಡುವಾಗಲೇ ಇದನ್ನು ಯೋಚಿಸಿದರೆ ಒಳ್ಳೆಯದು.

ಬರ್ನರ್‌ಗೆ ಬ್ಯುಟೇನ್ ಕೊಡುವ ಗ್ಯಾಸ್ ಟ್ಯಾಂಕ್ ಎಷ್ಟು ದೊಡ್ಡದು ಅನ್ನುವುದನ್ನು ಬಾಯ್ಲರ್ ನೋಡಿ ನಿರ್ಧರಿಸಿ. ತುಂಬಿದ ಗ್ಯಾಸ್ ಮೊದಲು ಮುಗಿಯಬೇಕು, ನೀರು ಇನ್ನೂ ಸ್ವಲ್ಪ ಉಳಿದಿರಬೇಕು. ಹಾಗಿದ್ದರೆ ಗಮನ ಬೇರೆ ಕಡೆ ಹೋದರೂ ಬಾಯ್ಲರ್ ಒಣಗುವುದಿಲ್ಲ. ಓಡುವಾಗ ನೀರು ತುಂಬಲು ಗುಡಾಲ್ ವಾಲ್ವ್ ಹಾಕುವುದಾದರೆ ನೀರಿನ ಮಟ್ಟ ತೋರಿಸುವ ಗಾಜು ಬೇಕೇ ಬೇಕು. ಆಗ ಮೇಲಿನ ಲೆಕ್ಕ ನಿಲ್ಲುವುದಿಲ್ಲ.

ಲೂಬ್ರಿಕೇಟರ್ ಮರೆಯಬೇಡಿ. ಡಿಸ್‌ಪ್ಲೇಸ್‌ಮೆಂಟ್ ಮಾದರಿ ಸರಳ. ಉಗಿ ಪೈಪಿಗೆ ಅಂಟಿದ ಒಂದು ಸಣ್ಣ ಡಬ್ಬಿ, ಅದರಲ್ಲಿ ಸ್ಟೀಮ್ ಆಯಿಲ್. ಸಣ್ಣ ತೂತಿನಿಂದ ಒಳಬಂದ ಉಗಿ ನೀರಾಗಿ ತಳಕ್ಕೆ ಇಳಿಯುತ್ತದೆ. ಅಷ್ಟು ಎಣ್ಣೆ ಮೇಲೆದ್ದು ಉಗಿಯ ಜೊತೆ ಸಿಲಿಂಡರ್‌ಗೆ ಹೋಗುತ್ತದೆ. ಮೋಟಾರ್ ಬೈಕ್ ಎಣ್ಣೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಉಗಿ ಅದನ್ನು ತೊಳೆದುಬಿಡುತ್ತದೆ. ಪ್ರತಿ ಓಟದ ನಂತರ ತಳದ ನೀರು ಬಸಿದು ಎಣ್ಣೆ ತುಂಬಿ.

ಬಾಯ್ಲರ್ ಸುತ್ತ ಸೆರಾಮಿಕ್ ಹಾಳೆ ಸುತ್ತಿ ಮೇಲೆ ತೆಳು ಹಿತ್ತಾಳೆ ತಗಡು ಹೊದಿಸಿ. ಹಳೆಯ ನಕ್ಷೆಗಳಲ್ಲಿ ಆಸ್ಬೆಸ್ಟಾಸ್ ಅಂತ ಬರೆದಿರುತ್ತದೆ, ಅದನ್ನು ಹುಡುಕಿ ತರಬೇಡಿ. ಬಾಯ್ಲರ್‌ಗೆ ಗಡಸು ನೀರು ಬೇಡ, ಬಟ್ಟೆಯಲ್ಲಿ ಸೋಸಿದ ಮಳೆ ನೀರು ಚೆನ್ನ.

ಹಳಿಯ ಬಗ್ಗೆ ಒಂದೇ ಮಾತು. ಮಟ್ಟ. ರೇಡಿಯೋ ಇಲ್ಲದ ಉಗಿ ಎಂಜಿನ್ ಇಳಿಜಾರಿನಲ್ಲಿ ಓಡಿಹೋಗುತ್ತದೆ, ಏರಿನಲ್ಲಿ ನಿಲ್ಲುತ್ತದೆ. 50ಕ್ಕೆ 1ರ ಏರು ಕಣ್ಣಿಗೆ ಕಾಣುವುದೂ ಇಲ್ಲ, ಎಂಜಿನ್‌ಗೆ ಚೆನ್ನಾಗಿ ಗೊತ್ತಾಗುತ್ತದೆ. ಹಿತ್ತಾಳೆ ಹಳಿಯಾದರೆ 10 ಮೀಟರ್ ಉದ್ದಕ್ಕೆ 30 ಡಿಗ್ರಿ ಬಿಸಿ ಏರಿದಾಗ ಸುಮಾರು 6 ಮಿ.ಮೀ. ಹಿಗ್ಗುತ್ತದೆ. ಜೋಡಣೆಗಳಲ್ಲಿ ಅಲ್ಲಲ್ಲಿ ಸಂದು ಬಿಟ್ಟಿದ್ದೀರಿ ತಾನೇ?

ಕಿರುಹಳಿ

ಎಲ್ಲರಿಗೂ ತುಂಬು ಧನ್ಯವಾದ. ಹಳಿಯಲ್ಲಿ ಸಂದು ಬಿಟ್ಟಿದ್ದೇನೆ ಸರ್, ಹಿಂದಿನ ಮೂಲೆಯಲ್ಲಿ ಮಟ್ಟ ಮತ್ತೆ ನೋಡಬೇಕು.

ನಕ್ಷೆ ಬದಲಾಯಿಸುತ್ತಿದ್ದೇನೆ. ಬೋರ್ 14, ಸ್ಟ್ರೋಕ್ 16. ಚಕ್ರ 34.8 ಹಾಗೇ ಇರುತ್ತದೆ, ಫ್ಲ್ಯಾಂಜ್ 2.5. ಕ್ಯಾಬ್, ಟ್ಯಾಂಕ್, ಚಿಮಣಿ, ರಿವೆಟ್ ಸಾಲುಗಳು ಪೂರ್ತಿ ಸ್ಕೇಲ್‌ಗೆ. ವಾಲ್ಶಾರ್ಟ್ಸ್ ಗೇರ್ ಬಿಡಲು ಮನಸ್ಸಿಲ್ಲ, ಕಾರ್ಡ್‌ಬೋರ್ಡ್ ಮಾದರಿಯಿಂದ ಶುರು ಮಾಡುತ್ತೇನೆ. ಬಾಯ್ಲರ್ ಬಗ್ಗೆ ಚಾಸಿ ಗಾಳಿಯಲ್ಲಿ ಓಡಿದ ಮೇಲೆ ನಿರ್ಧಾರ.

ಒಂದು ಕೊನೆಯ ಪ್ರಶ್ನೆ. ಕ್ಯಾಬ್ ಬಹಳ ಚಿಕ್ಕದು. ಗ್ಯಾಸ್ ಟ್ಯಾಂಕ್‌ಅನ್ನು ಬಾಯ್ಲರ್ ಮೇಲೆ, ಸ್ಯಾಡಲ್ ಟ್ಯಾಂಕ್ ಒಳಗೇ ಅಡಗಿಸಬಹುದೇ?

ಹಿತ್ತಿಲಗಾಡಿ

ಬೇಡ. ಬಾಯ್ಲರ್ ಬಿಸಿಗೆ ಗ್ಯಾಸ್ ಒತ್ತಡ ಏರುತ್ತಲೇ ಹೋಗುತ್ತದೆ, ಬೆಂಕಿ ಜೋರಾಗುತ್ತದೆ, ಆಗ ಇನ್ನೂ ಬಿಸಿ. ಕ್ಯಾಬ್‌ನಲ್ಲೇ ಒಂದು ಬದಿಗೆ ನಿಲ್ಲಿಸಿ, ಬಾಯ್ಲರ್ ಮತ್ತು ಟ್ಯಾಂಕ್ ನಡುವೆ ಗಾಳಿಯಾಡಲಿ. ಬ್ಯುಟೇನ್ ಓಡುತ್ತಾ ಆವಿಯಾದಂತೆ ಟ್ಯಾಂಕ್ ತಾನಾಗಿ ತಣ್ಣಗಾಗುತ್ತದೆ, ಚಳಿಯಲ್ಲಂತೂ ಬೆಂಕಿ ಸಣ್ಣದಾಗುತ್ತದೆ. ಅದಕ್ಕೆ ಸುತ್ತ ಒಂದು ನೀರಿನ ತೊಟ್ಟಿ ಇಟ್ಟರೆ ಬಿಸಿಯೂ ತಣ್ಣಗೂ ಎರಡೂ ಹದದಲ್ಲಿರುತ್ತವೆ. ಕ್ಯಾಬ್‌ನಲ್ಲಿ ಜಾಗ ಸಾಲದಿದ್ದರೆ ಹಿಂದೆ ಜೋಡಿಸುವ ಮೊದಲ ವ್ಯಾಗನ್‌ನಲ್ಲಿ ಇಟ್ಟು ಸಿಲಿಕೋನ್ ಅಲ್ಲದ, ಗ್ಯಾಸ್‌ಗೇ ಮಾಡಿದ ಕೊಳವೆಯಿಂದ ತನ್ನಿ. ಮತ್ತೆ, ಗ್ಯಾಸ್ ಟ್ಯಾಂಕ್‌ಗೂ ಬಾಯ್ಲರ್‌ನಂತೆಯೇ ನೀರಿನ ಪರೀಕ್ಷೆ ಆಗಬೇಕು, ಅದಕ್ಕೆ ಬೇಕಾದ ಒತ್ತಡ ಬಾಯ್ಲರ್‌ನದಕ್ಕಿಂತ ಜಾಸ್ತಿ. ತಾಮ್ರದಕೆಲಸ ಅವರನ್ನು ಕೇಳಿ ತಗಡಿನ ದಪ್ಪ ನಿರ್ಧರಿಸಿ.